ಪಂಪ್‌ಹೌಸಿನ ನೀಲಿ ಬೋರ್ಡು ಯಾವ ಕಂಪನೀದು?

ಈ ಸಲದ ಟಿಪ್ಪಣಿ ಬೆಳೆ ಬಗ್ಗೆ ಅಲ್ಲ, ಕೊಬ್ಬರಿ ರೇಟಿನ ಬಗ್ಗೆನೂ ಅಲ್ಲ. ಸ್ವಲ್ಪ ಉದ್ದ ಆಗೈತೆ. ಡೈರಿಗೆ ಹಾಲು ಹಾಕಿ ಬಂದು ಕೂತಾಗ ನಿಧಾನಕ್ಕೆ ಓದಿ.

ಹೋದ ಭಾನುವಾರ ಮೇಲಿನ ತೋಟದ ಹುಡುಗ ಒಬ್ಬ ಪೈಪ್ ರೆಂಚು ಕೇಳ್ಕೊಂಡು ನಮ್ಮ ಪಂಪ್‌ಹೌಸಿಗೆ ಬಂದಿದ್ದ. ಸ್ಟಾರ್ಟರ್‌ನಿಂದ ಮೂರಡಿ ದೂರದಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಅಂಗೈ ಅಗಲದ ನೀಲಿ ಬೋರ್ಡು. ಅದನ್ನು ನೋಡಿ "ಇದ್ಯಾವ ಕಂಪನೀದು ಅಣ್ಣ? ಡೀಲರ್ ಯಾರು?" ಅಂದ. "ಯಾವ ಕಂಪನೀದೂ ಅಲ್ಲ ಕಣಪ್ಪ, ನಾವೇ ಜೋಡಿಸಿದ್ದು" ಅಂದೆ. ನಕ್ಕುಬಿಟ್ಟ. "ಕಂಪನಿ ಇಲ್ದೆ ಇಂಥ ಬೋರ್ಡು ಹೆಂಗೆ ಬತ್ತದೆ?" ಅಂತ ಕೇಳಿ ರೆಂಚು ತಗೊಂಡು ಹೋದ.

ಅವನು ಕೇಳಿದ್ದು ಸರಿಯಾದ ಪ್ರಶ್ನೆ. ಇದರ ಹಿಂದೆ ಐವತ್ತು ವರ್ಷದ ಕಥೆ ಇದೆ. ನನ್ನ ಮಗಳು ಡಿಪ್ಲೊಮಾ ಓದುವಾಗ ಹೇಳಿದ್ದು, ಆಮೇಲೆ ನಾನೇ ಕೂತು ಓದಿ, ವಿಡಿಯೋ ನೋಡಿ ತಿಳ್ಕೊಂಡಿದ್ದು, ಎರಡನ್ನೂ ಸೇರಿಸಿ ಬರೀತಿದ್ದೀನಿ.

ಮೊದಲು ಇದು ಏನು ಅಂತ ನೋಡೋಣ. ಕಂಪ್ಯೂಟರ್ ಅಂದರೆ ಮೂರು ಭಾಗ. ಲೆಕ್ಕ ಮಾಡೋ ಮಿದುಳು ಒಂದು, ನೆನಪಿಟ್ಟುಕೊಳ್ಳೋ ಜಾಗ ಒಂದು, ಹೊರಗಿನ ಸ್ವಿಚ್ಚು ದೀಪಗಳನ್ನ ಮುಟ್ಟೋ ಕೈಕಾಲು ಒಂದು. ಈ ಮೂರನ್ನೂ ಒಂದೇ ಚಿಪ್ಪಿನಲ್ಲಿ ಕೂರಿಸಿದರೆ ಅದಕ್ಕೆ ಮೈಕ್ರೋಕಂಟ್ರೋಲರ್ ಅಂತಾರೆ. ಟಿವಿ ರಿಮೋಟು, ವಾಷಿಂಗ್ ಮೆಷಿನ್ನು, ಡೈರಿಯಲ್ಲಿ ಹಾಲಿನ ತೂಕ ತೋರಿಸೋ ಯಂತ್ರ, ಎಲ್ಲದರ ಹೊಟ್ಟೆಯಲ್ಲೂ ಇಂಥದ್ದೊಂದು ಇದ್ದೇ ಇರುತ್ತೆ.

ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಗ್ಯಾರಿ ಬೂನ್ ಮತ್ತು ಮೈಕೆಲ್ ಕಾಕ್ರನ್ ಅನ್ನೋ ಇಬ್ಬರು ಎಂಜಿನಿಯರುಗಳು 1971ರಲ್ಲಿ ಇದನ್ನು ಮಾಡಿ ತೋರಿಸಿದರು. 1974ರಲ್ಲಿ ಟಿಎಂಎಸ್ 1000 ಅನ್ನೋ ಹೆಸರಲ್ಲಿ ಮಾರಾಟಕ್ಕೆ ಬಂತು. 1980ರಲ್ಲಿ ಇಂಟೆಲ್ ಕಂಪನಿಯ 8051 ಬಂತು. ಆಗ ನಾನು ಮೂರನೇ ಕ್ಲಾಸೋ ನಾಲ್ಕನೇ ಕ್ಲಾಸೋ ಇದ್ದೆ, ನಮ್ಮೂರಲ್ಲಿ ಕರೆಂಟು ಇದ್ದಿದ್ದು ನಾಲ್ಕೇ ಮನೆಗೆ. ಅದೇ 8051ನ್ನ ನನ್ನ ಮಗಳು ಡಿಪ್ಲೊಮಾದಲ್ಲಿ ಓದಿದಳು. ಅಷ್ಟು ಗಟ್ಟಿ ಬೇರು ಅದರದು.

ಆದರೆ ಅವತ್ತು ಈ ಚಿಪ್ಪುಗಳು ನಮ್ಮಂಥವರ ಕೈಗೆ ಸಿಗೋ ಹಾಗಿರಲಿಲ್ಲ. ಬೆಲೆಗಿಂತ ದೊಡ್ಡ ತೊಡಕು ಅದಕ್ಕೆ ಪಾಠ ಹೇಳಿಕೊಡೋದರಲ್ಲಿತ್ತು. ಪ್ರೋಗ್ರಾಮ್ ತುಂಬೋಕೆ ಬೇರೆಯದೇ ಯಂತ್ರ ಬೇಕು. ಒಂದು ಸಲ ತುಂಬಿದ್ದನ್ನ ಅಳಿಸಬೇಕಾದರೆ ಚಿಪ್ಪಿನ ಬೆನ್ನ ಮೇಲೆ ಗಾಜಿನ ಕಿಟಕಿ ಇರೋ ಜಾತಿಯದ್ದೇ ಆಗಬೇಕು. ಆ ಕಿಟಕಿಗೆ ನೇರಳಾತೀತ ಬೆಳಕಿನ ದೀಪ ಹಿಡಿದು ಹತ್ತು ಇಪ್ಪತ್ತು ನಿಮಿಷ ಕಾಯಬೇಕು. ಒಂದು ಅಕ್ಷರ ತಪ್ಪಾದರೆ ಮತ್ತೆ ಅಳಿಸು, ಮತ್ತೆ ತುಂಬು. ಅಸೆಂಬ್ಲಿ ಅನ್ನೋ ಭಾಷೆಯಲ್ಲಿ ಬರೀಬೇಕಿತ್ತು, ಅದು ಓದಿದವರಿಗೂ ಕಷ್ಟ.

1992ರಲ್ಲಿ ಕ್ಯಾಲಿಫೋರ್ನಿಯಾದ ಪ್ಯಾರಲಾಕ್ಸ್ ಅನ್ನೋ ಸಣ್ಣ ಕಂಪನಿ ಬೇಸಿಕ್ ಸ್ಟ್ಯಾಂಪ್ ಅನ್ನೋ ಬೋರ್ಡು ತಂತು. ಅಂಚೆ ಚೀಟಿಯಷ್ಟು ಸಣ್ಣದು ಅಂತ ಆ ಹೆಸರು. ಬೇಸಿಕ್ ಅನ್ನೋ ಸುಲಭ ಭಾಷೆಯಲ್ಲಿ ಬರೆದು ಕೇಬಲ್ ಹಾಕಿದರೆ ಸಾಕು, ನೇರಳೆ ದೀಪ ಬೇಡ. ಮನೆಯಲ್ಲಿ ಕೂತು ಎಲೆಕ್ಟ್ರಾನಿಕ್ಸ್ ಮಾಡೋರಿಗೆ ಬಾಗಿಲು ತೆಗೆದದ್ದು ಇದೇ ಅಂತ ಹೇಳಬಹುದು. ಆದರೆ ಬೋರ್ಡೂ ಅದಕ್ಕೆ ಬೇಕಾದ ಸಾಮಾನೂ ಸೇರಿದರೆ 100 ಡಾಲರಿನ ಹತ್ತಿರ ಹೋಗ್ತಿತ್ತು. ವಿದ್ಯಾರ್ಥಿಗಳಿಗೆ ಅದು ಭಾರ.

ಇನ್ನೊಂದು ಕಡೆ, ನಾರ್ವೆ ದೇಶದ ಟ್ರಾಂಡ್‌ಹೈಮ್ ಊರಿನ ತಾಂತ್ರಿಕ ಕಾಲೇಜಿನಲ್ಲಿ ಆಲ್ಫ್ ಎಗಿಲ್ ಬೋಗೆನ್, ವೇಗಾರ್ಡ್ ವೊಲ್ಲಾನ್ ಅನ್ನೋ ಇಬ್ಬರು ಹುಡುಗರು ಓದೋ ಕಾಲದಲ್ಲೇ ಒಂದು ಹೊಸ ಚಿಪ್ಪಿನ ವಿನ್ಯಾಸ ಮಾಡಿದರು. ಅದನ್ನ ಅಮೆರಿಕದ ಆಟ್ಮೆಲ್ ಕಂಪನಿ ತಗೊಂಡು 1996–97ರ ಹೊತ್ತಿಗೆ ಎವಿಆರ್ ಅನ್ನೋ ಹೆಸರಲ್ಲಿ ತಂತು. ಇದರ ಪ್ರೋಗ್ರಾಮನ್ನು ಕರೆಂಟಿನಲ್ಲೇ ಅಳಿಸಿ ಮತ್ತೆ ಬರೆಯಬಹುದು, ಒಂದಲ್ಲ ಸಾವಿರಾರು ಸಲ. ನನ್ನ ನೀಲಿ ಬೋರ್ಡಿನ ಮಧ್ಯೆ ಕೂತಿರೋ ಕಪ್ಪು ಚಿಪ್ಪು ಇದೇ ವಂಶದ್ದು.

ಈಗ ಕಥೆ ಇಟಲಿಗೆ ಹೋಗುತ್ತೆ. ಅಲ್ಲಿ ಉತ್ತರದಲ್ಲಿ ಇವ್ರೆಯಾ ಅಂತ ಒಂದು ಊರು. 1908ರಲ್ಲಿ ಕಮಿಲ್ಲೊ ಒಲಿವೆಟ್ಟಿ ಅನ್ನೋರು ಅಲ್ಲಿ ಟೈಪ್‌ರೈಟರ್ ಕಾರ್ಖಾನೆ ಶುರುಮಾಡಿದರು. ಇಡೀ ಊರು ಆ ಕಾರ್ಖಾನೆ ಮೇಲೆ ಬದುಕಿತು. 1965ರಲ್ಲಿ ಮೇಜಿನ ಮೇಲೆ ಇಡೋ ಪ್ರೋಗ್ರಾಮ್ಮಾ 101 ಅನ್ನೋ ಲೆಕ್ಕದ ಯಂತ್ರವನ್ನೂ ಅವರು ಹೊರಗೆ ತಂದರು. ಆಮೇಲೆ ಟೈಪ್‌ರೈಟರ್ ಕಾಲ ಮುಗೀತು. ನಮ್ಮ ತಾಲೂಕಿನಲ್ಲಿ ಬಸ್ ಸ್ಟ್ಯಾಂಡ್ ಹಿಂದೆ ಇದ್ದ ಟೈಪಿಂಗ್ ಇನ್‌ಸ್ಟಿಟ್ಯೂಟುಗಳು ಒಂದೊಂದಾಗಿ ಬಾಗಿಲು ಹಾಕಿದ್ದು ನೆನಪಿರಬೇಕು ನಿಮಗೆ. ಎಸ್ಸೆಸ್ಸೆಲ್ಸಿ ಮುಗಿಸಿ ನಾನೂ ಆರು ತಿಂಗಳು ಅಲ್ಲಿ ಕೀಲಿ ಕುಟ್ಟಿದ್ದೀನಿ. ನಮ್ಮಲ್ಲಿ ಮುಚ್ಚಿದ್ದು ಇನ್‌ಸ್ಟಿಟ್ಯೂಟು, ಅಲ್ಲಿ ಒಣಗಿದ್ದು ಇಡೀ ಊರಿನ ಬದುಕು.

ಆ ಊರಲ್ಲಿ 2001ರ ಹೊತ್ತಿಗೆ ಒಲಿವೆಟ್ಟಿ ಮತ್ತು ಅಲ್ಲಿನ ಟೆಲಿಫೋನ್ ಕಂಪನಿಯ ದುಡ್ಡಿನಲ್ಲಿ ಒಂದು ವಿನ್ಯಾಸ ಶಾಲೆ ಶುರುವಾಯಿತು. ಅಲ್ಲಿಗೆ ಬರ್ತಿದ್ದವರು ಎಲೆಕ್ಟ್ರಾನಿಕ್ಸ್ ಓದಿದವರೇ ಆಗಬೇಕಿರಲಿಲ್ಲ. ಕಲಾವಿದರು, ಚಿತ್ರ ಬರೆಯೋರು, ವಸ್ತುಗಳ ವಿನ್ಯಾಸ ಮಾಡೋರು ಬರ್ತಿದ್ದರು. ಅವರಿಗೆ ಚಿಪ್ಪು ಬಳಸೋದು ಹೇಳಿಕೊಡಬೇಕು. ಮಾಸ್ಸಿಮೊ ಬಾಂಜಿ ಅನ್ನೋ ಮೇಷ್ಟ್ರು ಬೇಸಿಕ್ ಸ್ಟ್ಯಾಂಪ್ ಇಟ್ಟುಕೊಂಡು ಪಾಠ ಮಾಡ್ತಿದ್ದರು. ಬೆಲೆ ಜಾಸ್ತಿ, ಶಕ್ತಿ ಕಡಿಮೆ.

ಆ ಶಾಲೆಗೆ ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದಿಂದ ಹೆರ್ನಾಂಡೊ ಬರ್ರಾಗಾನ್ ಅನ್ನೋ ವಿದ್ಯಾರ್ಥಿ ಬಂದಿದ್ದರು. ಈ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೆ. 2003ರಲ್ಲಿ ಅವರು ತಮ್ಮ ಓದಿನ ಪ್ರಬಂಧಕ್ಕಾಗಿ ವೈರಿಂಗ್ ಅನ್ನೋ ಕೆಲಸ ಶುರುಮಾಡಿದರು. ಎವಿಆರ್ ಚಿಪ್ಪಿನ ಬೋರ್ಡು ಒಂದು, ಅದಕ್ಕೆ ಬರೆಯೋಕೆ ಕಂಪ್ಯೂಟರಿನಲ್ಲಿ ಒಂದು ಸರಳ ಸಾಫ್ಟ್‌ವೇರ್, ಜೊತೆಗೆ ಮನುಷ್ಯರಿಗೆ ಅರ್ಥವಾಗೋ ಆಜ್ಞೆಗಳು. ಆ ಸಾಫ್ಟ್‌ವೇರಿಗೂ ಒಂದು ಬುನಾದಿ ಇತ್ತು. ಕೇಸಿ ರೀಸ್, ಬೆನ್ ಫ್ರೈ ಅನ್ನೋ ಇಬ್ಬರು 2001ರಲ್ಲಿ ಅಮೆರಿಕದ ಎಂಐಟಿಯಲ್ಲಿ ಕಲಾವಿದರಿಗಾಗಿ ಮಾಡಿದ್ದ ಪ್ರೊಸೆಸಿಂಗ್ ಅನ್ನೋದು ಅದು. ಬರ್ರಾಗಾನ್ ಅವರಿಗೆ ಮಾರ್ಗದರ್ಶಕರಾಗಿದ್ದವರು ಬಾಂಜಿ ಮತ್ತು ಕೇಸಿ ರೀಸ್.

ಬರ್ರಾಗಾನ್ ಮಾಡಿದ ದೊಡ್ಡ ಕೆಲಸ ಯಾವುದು ಅಂದರೆ, ಚಿಪ್ಪಿನ ಒಳಗಿನ ಕಗ್ಗಂಟನ್ನೆಲ್ಲ ನಾಲ್ಕಾರು ಮಾತಿನ ಹಿಂದೆ ಮುಚ್ಚಿಟ್ಟರು. ಇಷ್ಟನೇ ಕಾಲಿಗೆ ಕರೆಂಟು ಕೊಡು ಅನ್ನೋಕೆ ಡಿಜಿಟಲ್‌ರೈಟ್, ಆ ಕಾಲಿಗೆ ಏನು ಬಂದಿದೆ ನೋಡು ಅನ್ನೋಕೆ ಡಿಜಿಟಲ್‌ರೀಡ್, ಸ್ವಲ್ಪ ಹೊತ್ತು ತಡಿ ಅನ್ನೋಕೆ ಡಿಲೇ. ಎಸ್ಸೆಸ್ಸೆಲ್ಸಿ ಇಂಗ್ಲಿಷ್ ಸಾಕು ಇದಕ್ಕೆ. ನನಗೆ ಸಾಕಾಗಿದೆ.

2005ರಲ್ಲಿ ಬಾಂಜಿ, ಸ್ಪೇನ್ ದೇಶದ ಡೇವಿಡ್ ಕ್ವಾರ್ಟಿಯೆಲ್ಲೆಸ್, ಅದೇ ಶಾಲೆಯ ವಿದ್ಯಾರ್ಥಿ ಡೇವಿಡ್ ಮೆಲ್ಲಿಸ್ ಸೇರಿ ವೈರಿಂಗನ್ನ ಇನ್ನೂ ಅಗ್ಗದ, ಸಣ್ಣ ಚಿಪ್ಪಿಗೆ ಹೊಂದಿಸಿದರು. ಆ ಚಿಪ್ಪಿನ ಹೆಸರು ಎಟಿಮೆಗಾ 8. ನ್ಯೂಯಾರ್ಕಿನ ಮೇಷ್ಟ್ರು ಟಾಮ್ ಐಗೋ ಜೊತೆಗೂಡಿದರು. ಬೋರ್ಡು ತಯಾರು ಮಾಡಿಸಿಕೊಡೋ ಕೆಲಸ ಆ ಕಡೆಯವರೇ ಆದ ಜಾನ್‌ಲುಕಾ ಮಾರ್ಟಿನೊ ಅವರದು. ಬೆಲೆ 30 ಡಾಲರ್ ಇರಬೇಕು ಅಂತ ಗುರಿ ಇಟ್ಟುಕೊಂಡರು. ಅವತ್ತಿನ ಲೆಕ್ಕದಲ್ಲಿ ನಮ್ಮ 1,300 ರೂಪಾಯಿ ಆಸುಪಾಸು. ಒಂದು ಹೊತ್ತು ಹೋಟೆಲಿನಲ್ಲಿ ಪಿಜ್ಜಾ ತಿಂದಷ್ಟು ಖರ್ಚಿನಲ್ಲಿ ವಿದ್ಯಾರ್ಥಿ ಇದನ್ನ ಕೊಳ್ಳಬೇಕು ಅನ್ನೋದು ಅವರ ಲೆಕ್ಕ.

ಹೆಸರು ಇಟ್ಟಿದ್ದು ಹೇಗೆ ಗೊತ್ತೇ? ಬಾಂಜಿ ಹೋಗಿ ಕೂರ್ತಿದ್ದ ಬಾರಿನ ಹೆಸರು. 1002ರಲ್ಲಿ ಇಟಲಿಗೆ ರಾಜನಾದ ಆರ್ಡುಯಿನ್ ಇದೇ ಊರಿನ ಕಡೆಯವನು. ಅವನ ಹೆಸರು ಬಾರಿಗಿತ್ತು, ಬಾರಿನ ಹೆಸರು ಬೋರ್ಡಿಗೆ ಬಂತು. ಆರ್ಡುಯಿನೋ.

ಮೊದಲು ಬರೀ 300 ಖಾಲಿ ಬೋರ್ಡು ಮಾಡಿಸಿದರು. ಅದನ್ನ ವಿದ್ಯಾರ್ಥಿಗಳ ಕೈಗೆ ಕೊಟ್ಟು, ಜೋಡಿಸೋ ವಿಧಾನ ಇಂಟರ್‌ನೆಟ್ಟಿನಲ್ಲಿದೆ, ನೀವೇ ಬೆಸುಗೆ ಹಾಕಿಕೊಂಡು ಏನಾದರೂ ಮಾಡಿ ತನ್ನಿ ಅಂದರು. ಮೊದಮೊದಲು ಬಂದ ಕೆಲಸಗಳಲ್ಲಿ ಒಂದು ಅಲಾರಂ ಗಡಿಯಾರ. ಚಾವಣಿಯಿಂದ ತಂತಿಯಲ್ಲಿ ನೇತಾಡುತ್ತೆ. ಬೆಳಗ್ಗೆ ಹೊಡೆದಾಗ ಇನ್ನೈದು ನಿಮಿಷ ಮಲಗೋಣ ಅಂತ ಗುಂಡಿ ಒತ್ತಿದರೆ ಸ್ವಲ್ಪ ಮೇಲಕ್ಕೆ ಹೋಗುತ್ತೆ. ಮತ್ತೆ ಒತ್ತಿದರೆ ಇನ್ನೂ ಮೇಲಕ್ಕೆ. ಕೊನೆಗೆ ಎದ್ದು ನಿಲ್ಲದೆ ಗತಿ ಇಲ್ಲ. ಎಮ್ಮೆ ಸಾಕಿದ ನಮಗೆ ಅಂಥದ್ದು ಬೇಕಾಗಿಲ್ಲ ಬಿಡಿ.

ಈಗ ಮುಖ್ಯ ವಿಷಯ. 2005ರ ಹೊತ್ತಿಗೆ ಆ ಶಾಲೆಗೆ ದುಡ್ಡು ನಿಂತಿತ್ತು, ಮುಚ್ಚೋದು ಖಚಿತವಾಗಿತ್ತು. ಆಮೇಲೆ ಅದು ಮಿಲಾನಿನ ಇನ್ನೊಂದು ಸಂಸ್ಥೆಯಲ್ಲಿ ಸೇರಿಹೋಯಿತು. ಶಾಲೆ ಮುಚ್ಚಿದರೆ ನಾವು ಮಾಡಿದ ಕೆಲಸ ಏನಾಗುತ್ತೆ? ಯಾವುದೋ ಬೀರುವಿನಲ್ಲಿ ಸೇರಿಹೋಗುತ್ತೆ, ಇಲ್ಲ ಯಾರಾದರೂ ತಮ್ಮದು ಅಂತ ಬೀಗ ಹಾಕ್ತಾರೆ. ಅದಕ್ಕೇ ಬೋರ್ಡಿನ ನಕ್ಷೆಯನ್ನೂ ಸಾಫ್ಟ್‌ವೇರನ್ನೂ ಎಲ್ಲರಿಗೂ ಬಿಟ್ಟುಕೊಟ್ಟರು. ಯಾರು ಬೇಕಾದರೂ ನಕ್ಷೆ ಇಳಿಸಿಕೊಂಡು ಬೋರ್ಡು ಮಾಡಬಹುದು, ಮಾರಲೂಬಹುದು. ಷರತ್ತು ಇಷ್ಟೇ: ನೀನು ಬದಲಾಯಿಸಿ ಹಂಚಿದರೆ ಅದನ್ನೂ ಹೀಗೇ ತೆರೆದು ಹಂಚು. ಆರ್ಡುಯಿನೋ ಅನ್ನೋ ಹೆಸರು ಮಾತ್ರ ನಮ್ಮದು, ಅದನ್ನು ಹಾಕಿಕೊಂಡು ಮಾರಬೇಡ.

ನಮಗೆ ಇದು ಹೊಸದೇನಲ್ಲ. ನಮ್ಮಜ್ಜಿ ಅವರೆ ಬೀಜ ಕೇಳಿ ಬಂದವರಿಗೆಲ್ಲ ಕೊಡ್ತಿದ್ದಳು. "ಒಂದೇ ಮನೇಲಿದ್ರೆ ಹುಳ ಹಿಡಿತದೆ, ಹತ್ತು ಮನೇಲಿದ್ರೆ ನಮ್ಮದು ಹೋದ್ರೂ ಕೇಳಿ ಇಸ್ಕೋಬೌದು" ಅಂತಿದ್ದಳು. ಇವ್ರೆಯಾದವರು ಮಾಡಿದ್ದೂ ಅದೇ ಲೆಕ್ಕ. ಶಾಲೆ ಹೋಯಿತು, ಬೋರ್ಡು ಉಳೀತು. 2010ರಲ್ಲಿ ಬಂದ ಮಾದರಿಗೆ ಊನೊ ಅಂತ ಹೆಸರಿಟ್ಟರು, ಇಟಲಿ ಭಾಷೆಯಲ್ಲಿ ಒಂದು ಅಂತ ಅರ್ಥ. ನನ್ನ ಪಂಪ್‌ಹೌಸಿನಲ್ಲಿರೋದು ಅದರ ನಕ್ಷೆಯಲ್ಲಿ ಬೇರೆ ಯಾರೋ ಮಾಡಿದ ಬೋರ್ಡು. ಬೆಂಗಳೂರಿನ ಎಸ್‌ಪಿ ರೋಡಿನಿಂದ ಮಗಳು ತಂದಳು, ಐನೂರು ರೂಪಾಯಿ ಒಳಗೆ. ಇದರ ನೆನಪಿನ ಜಾಗ 32 ಕಿಲೋಬೈಟ್. ನಿಮ್ಮ ಫೋನಿನಲ್ಲಿ ತೆಗೆದ ಒಂದು ಫೋಟೋ ಕೂಡ ಇದರಲ್ಲಿ ಹಿಡಿಸಲ್ಲ. ಆದರೆ ಸೆಕೆಂಡಿಗೆ 1.6 ಕೋಟಿ ಸಲ ಟಿಕ್ ಅನ್ನುತ್ತೆ. ಮೋಟಾರ್ ಕಾಯೋಕೆ ಬೇಕಾದಷ್ಟಾಯಿತು.

ಒಂದು ಮಾತು ಸ್ಪಷ್ಟ ಮಾಡ್ತೀನಿ. ತೆರೆದಿಟ್ಟಿದ್ದು ಬೋರ್ಡಿನ ನಕ್ಷೆ ಮತ್ತು ಸಾಫ್ಟ್‌ವೇರ್. ಮಧ್ಯದ ಕಪ್ಪು ಚಿಪ್ಪಿನ ಒಳಗಿನ ಗುಟ್ಟು ಕಂಪನಿಯದ್ದೇ. ಆ ಆಟ್ಮೆಲ್ ಕಂಪನಿಯನ್ನ 2016ರಲ್ಲಿ ಮೈಕ್ರೋಚಿಪ್ ಅನ್ನೋ ಕಂಪನಿ ಕೊಂಡುಕೊಂಡಿತು. ಹಂಗಾಗಿ ಆ ಹುಡುಗನಿಗೆ ನಾನು "ಯಾವ ಕಂಪನೀದೂ ಅಲ್ಲ" ಅಂದದ್ದು ಪೂರ್ತಿ ನಿಜ ಅಲ್ಲ. ಅರ್ಧಕ್ಕಿಂತ ಜಾಸ್ತಿ ನಿಜ ಅನ್ನಿ.

ಇನ್ನು ಬರ್ರಾಗಾನ್ ವಿಷಯ. ಆರ್ಡುಯಿನೋ ಲೋಕದ ತುಂಬಾ ಹೆಸರು ಮಾಡಿತು. ಸ್ಥಾಪಕರು ಐದು ಜನ ಅಂತ ಎಲ್ಲ ಕಡೆ ಬಂತು. ಆ ಐದರಲ್ಲಿ ಬರ್ರಾಗಾನ್ ಇರಲಿಲ್ಲ. 2016ರಲ್ಲಿ ಅವರು ಆರ್ಡುಯಿನೋದ ಹೇಳದೇ ಉಳಿದ ಇತಿಹಾಸ ಅಂತ ಒಂದು ಉದ್ದದ ಬರಹ ಬರೆದು, ತನ್ನ ಪ್ರಬಂಧದ ಕೆಲಸದ ಮೇಲೆ ಇದು ನಿಂತಿದೆ, ಕವಲು ಒಡೆದಾಗ ತನ್ನನ್ನು ಜೊತೆಗೆ ಕರೆಯಲಿಲ್ಲ ಅಂತ ಹೇಳಿಕೊಂಡರು. ವೈರಿಂಗಿನ ಮೇಲೆ ಕಟ್ಟಿದ್ದು ಅನ್ನೋದನ್ನ ಆರ್ಡುಯಿನೋದವರೂ ಒಪ್ಪುತ್ತಾರೆ. ವೈರಿಂಗ್ ಕೂಡ ತೆರೆದಿಟ್ಟ ಕೆಲಸವೇ ಆಗಿದ್ದರಿಂದ ಕಾನೂನಿನಲ್ಲಿ ತಪ್ಪೇನಿಲ್ಲ. ಆದರೂ ಮನಸ್ಸಿಗೆ ಏನೋ ಕಸಿವಿಸಿ. ಡಿಜಿಟಲ್‌ರೈಟ್ ಅಂತ ನಾನು ಬರೆದಾಗಲೆಲ್ಲ ಅದು ಅವರು ಕೊಟ್ಟ ಮಾತು.

ನಮ್ಮ ಕಡೆ ಇಂಡಾಫ್ ರಾಗಿ ಬೆಳೆಯದ ಮನೆ ಇತ್ತೇ? ಇಂಡಿಯಾ ರಾಗಿಗೂ ಆಫ್ರಿಕಾ ರಾಗಿಗೂ ಕೂಡಿಸಿ ಮಾಡಿದ್ದಕ್ಕೆ ಇಂಡಾಫ್ ಅಂತ ಹೆಸರು. ಮಾಡಿದವರು ಮಂಡ್ಯದ ವಿ.ಸಿ. ಫಾರಂನ ಲಕ್ಷ್ಮಣಯ್ಯನವರು. ರಾಗಿ ಬ್ರಹ್ಮ ಅಂತ ಕರೀತಾರೆ. ತಳಿಯ ಹೆಸರಲ್ಲಿ ಎರಡು ದೇಶ ಉಂಟು, ಮನುಷ್ಯ ಇಲ್ಲ. ಮುದ್ದೆ ಉಂಡ ನಮ್ಮಲ್ಲಿ ಎಷ್ಟು ಜನಕ್ಕೆ ಆ ಹೆಸರು ಗೊತ್ತು? ನನಗೇ ನಲವತ್ತು ದಾಟಿದ ಮೇಲೆ ಗೊತ್ತಾಗಿದ್ದು. ಹಂಚಿಕೊಂಡು ತಿನ್ನೋದರಲ್ಲಿ ಇದೊಂದು ಕೊರತೆ. ಬೀಜ ಕೈಯಿಂದ ಕೈಗೆ ಹೋಗುತ್ತೆ, ಹೆಸರು ಹಿಂದೆ ಉಳಿಯುತ್ತೆ.

ಹೆಸರಿಗಾಗಿ ಜಗಳನೂ ಆಯಿತು. ನಕ್ಷೆ ಎಲ್ಲರದೂ, ಹೆಸರು ಮಾತ್ರ ತಮ್ಮದು ಅಂದಿದ್ದರಲ್ಲ, ಆ ಹೆಸರು ತಮ್ಮೊಳಗೆ ಯಾರದು ಅಂತ ಬಂತು. ಬೋರ್ಡು ತಯಾರಿಸ್ತಿದ್ದ ಮಾರ್ಟಿನೊ ಒಂದು ಕಡೆ, ಮಿಕ್ಕ ನಾಲ್ವರು ಇನ್ನೊಂದು ಕಡೆ. ಒಂದೇ ಹೆಸರಲ್ಲಿ ಎರಡು ಕಂಪನಿ, ಕೋರ್ಟು ಕಚೇರಿ. ಅಮೆರಿಕದ ಹೊರಗೆ ಮಾರೋಕೆ ಒಂದು ಗುಂಪು 2015ರಲ್ಲಿ ಜೆನುಯಿನೋ ಅಂತ ಬೇರೆ ಹೆಸರೇ ಇಡಬೇಕಾಯಿತು. 2016ರ ಅಕ್ಟೋಬರಿನಲ್ಲಿ ರಾಜಿ ಆದರು. ನಮ್ಮಲ್ಲಿ ಅಣ್ಣತಮ್ಮಂದಿರು ಬದುವಿಗಾಗಿ ಹೊಡೆದಾಡೋ ಹಂಗೆ. ಆದರೆ ಆ ಜಗಳದ ಕಾಲದಲ್ಲಿ ಒಂದೇ ಒಂದು ಬೋರ್ಡೂ ಕೆಲಸ ನಿಲ್ಲಿಸಲಿಲ್ಲ. ನಕ್ಷೆ ಆಗಲೇ ಸಾವಿರಾರು ಜನರ ಹತ್ತಿರ ಇತ್ತು.

ಇದರ ಮಧ್ಯೆ ಚೀನಾದ ಶಾಂಘೈ ಊರಿನ ಎಸ್ಪ್ರೆಸಿಫ್ ಅನ್ನೋ ಕಂಪನಿ 2014ರಲ್ಲಿ ಇಎಸ್‌ಪಿ 8266 ಅನ್ನೋ ಚಿಪ್ಪು ತಂತು. ಒಳಗೇ ವೈಫೈ, ಬೆಲೆ ಕೆಲವೇ ಡಾಲರ್. ವಿವರವೆಲ್ಲ ಚೀನೀ ಭಾಷೆಯಲ್ಲಿ. ಲೋಕದ ಬೇರೆ ಬೇರೆ ಕಡೆ ಕೂತ ಹವ್ಯಾಸಿಗಳು ಅದನ್ನ ಅನುವಾದ ಮಾಡಿ ಹಂಚಿದರು, 2015ರ ಹೊತ್ತಿಗೆ ಆರ್ಡುಯಿನೋ ಸಾಫ್ಟ್‌ವೇರಿನಿಂದಲೇ ಅದಕ್ಕೂ ಬರೆಯೋ ಹಾಗೆ ಮಾಡಿದರು. ಸಂಬಳ ಕೊಟ್ಟು ಯಾರೂ ಮಾಡಿಸಿದ್ದಲ್ಲ. 2016ರಲ್ಲಿ ಅದರ ತಮ್ಮ ಇಎಸ್‌ಪಿ 32 ಬಂತು. ಈಗ ಮನೆಯಲ್ಲಿ ಮಾಡೋರು ಬಹಳ ಮಂದಿ ಇದನ್ನೇ ಹಿಡಿದಿದ್ದಾರೆ.

ಇಷ್ಟೆಲ್ಲ ಊರು ಸುತ್ತಿ ಈಗ ನಮ್ಮ ಬೋರಿಗೆ ಬರ್ತೀನಿ.

ನನ್ನ ಬೋರು 850 ಅಡಿ. ಬೇಸಿಗೆಯಲ್ಲಿ ಮುಕ್ಕಾಲು ಗಂಟೆ ಓಡಿದರೆ ನೀರು ಕಡಿದುಹೋಗುತ್ತೆ. ಎರಡು ಗಂಟೆ ಬಿಟ್ಟರೆ ಮತ್ತೆ ಒಸರಿ ಬರುತ್ತೆ. ತ್ರೀ ಫೇಸ್ ರಾತ್ರಿ ಪಾಳಿ ಇದ್ದಾಗ ಬ್ಯಾಟರಿ ಹಿಡ್ಕೊಂಡು ಒಂದು ಗಂಟೆಗೊಮ್ಮೆ ತೋಟಕ್ಕೆ ಹೋಗಬೇಕು. ಹಾವು ಚೇಳಿನ ವಿಷಯ ನಿಮಗೆ ನಾನು ಹೇಳಬೇಕಾಗಿಲ್ಲ. ಅದಕ್ಕೇ ಆರು ವರ್ಷದ ಕೆಳಗೆ ಅಂಗಡಿಯಲ್ಲಿ ಒಂದು ಮೊಬೈಲ್ ಸ್ಟಾರ್ಟರ್ ಡಬ್ಬಿ ಹಾಕಿಸಿದೆ. ನೀರಿಲ್ಲದಿದ್ದರೆ ತಾನೇ ನಿಲ್ಲಿಸುತ್ತೆ ಅಂದರು. ನಿಲ್ಲಿಸ್ತಿತ್ತು. ಆದರೆ ಇಪ್ಪತ್ತೇ ನಿಮಿಷಕ್ಕೆ ಮತ್ತೆ ಎತ್ತುತ್ತಿತ್ತು. ನನ್ನ ಬೋರಿಗೆ ಎರಡು ಗಂಟೆ ಬೇಕು, ಆ ಸಮಯ ಬದಲಾಯಿಸಿಕೊಡಿ ಅಂತ ಕೇಳಿದೆ. ಆಗಲ್ಲ, ಕಂಪನಿಯಿಂದಲೇ ಹಂಗೆ ಬರೋದು ಅಂದರು. ಒಂದು ಏಪ್ರಿಲ್ ರಾತ್ರಿ ಅದು ನಿಲ್ಲಿಸೋದನ್ನೂ ಮರೀತು. ಮೋಟಾರ್ ಒಣಗಿ ಓಡಿ ವೈಂಡಿಂಗ್ ಸುಟ್ಟುಹೋಯಿತು. ಎತ್ತಿಸಿ, ಸುತ್ತಿಸಿ, ಇಳಿಸೋ ಹೊತ್ತಿಗೆ ಆ ವರ್ಷದ ಕೊಬ್ಬರಿ ದುಡ್ಡಿನಲ್ಲಿ ದೊಡ್ಡ ತುಂಡು ಹೋಯಿತು. ಹನ್ನೆರಡು ದಿನ ಅಡಿಕೆ ಸಸಿಗೆ ನೀರಿಲ್ಲ.

ಡಬ್ಬಿ ಬಿಚ್ಚಿ ನೋಡಿದೆ. ಬೋರ್ಡಿನ ಮೇಲೆಲ್ಲ ಕಪ್ಪು ಅಂಟು ಸುರಿದು ಕಲ್ಲಿನ ಹಂಗೆ ಗಟ್ಟಿ ಮಾಡಿದ್ದರು. ನೀರು ಧೂಳು ತಾಗದಿರಲಿ ಅಂತ ಇರಬಹುದು, ಯಾರೂ ನೋಡದಿರಲಿ ಅಂತಲೂ ಇರಬಹುದು. ಎರಡಾದರೂ ನಮಗೆ ಸಿಕ್ಕ ಉತ್ತರ ಒಂದೇ, ಹೊಸ ಡಬ್ಬಿ ತಗೊಳ್ಳಿ. ನನ್ನ ಬೋರಿನ ಗುಣ ನನಗೆ ಗೊತ್ತು. ಆ ಡಬ್ಬಿಗೆ ಗೊತ್ತಿಲ್ಲ, ಹೇಳಿಕೊಡೋಕೆ ದಾರಿನೂ ಇಲ್ಲ. ಸಿಟ್ಟು ಬಂದಿದ್ದು ಅದಕ್ಕೆ.

ಮಗಳು "ಅಪ್ಪಾಜಿ, ನಾವೇ ಮಾಡೋಣ" ಅಂದಳು. ನೀರು ತೊಟ್ಟಿಗೆ ಬೀಳೋ ಬಾಯಿಯ ಕೆಳಗೆ ಒಂದು ಸಣ್ಣ ಡಬ್ಬ ಕಟ್ಟಿದೆವು, ತಳದಲ್ಲಿ ಒಂದು ತೂತು, ಒಳಗೆ ಫ್ಲೋಟ್ ಸ್ವಿಚ್ಚು. ನೀರು ಬೀಳ್ತಿದ್ದರೆ ಡಬ್ಬ ತುಂಬಿ ಫ್ಲೋಟ್ ಮೇಲಿರುತ್ತೆ. ನೀರು ನಿಂತರೆ ತೂತಿನಿಂದ ಖಾಲಿಯಾಗಿ ಕೆಳಗೆ ಬೀಳುತ್ತೆ. ಬೋರ್ಡು ಅದನ್ನ ನೋಡ್ತಾ ಇರುತ್ತೆ. ಕರೆಂಟು ಬಂದ ಐದು ನಿಮಿಷಕ್ಕೆ ಮೋಟಾರ್ ಎತ್ತು, ನಾಲ್ಕು ನಿಮಿಷದಲ್ಲಿ ನೀರು ಬರದಿದ್ದರೆ ನಿಲ್ಲಿಸು, ಓಡ್ತಾ ಇರುವಾಗ ನೀರು ಕಡಿದರೂ ನಿಲ್ಲಿಸು, ಎರಡು ಗಂಟೆ ಬಿಟ್ಟು ಮತ್ತೆ ನೋಡು. ಇಷ್ಟೇ ಪ್ರೋಗ್ರಾಮು, ಅರವತ್ತು ಸಾಲು. ಮಳೆಗಾಲದಲ್ಲಿ ಎರಡು ಗಂಟೆಯನ್ನ ಅರ್ಧ ಗಂಟೆ ಮಾಡ್ತೀನಿ. ಒಂದು ಅಂಕಿ ತಿದ್ದಿದರೆ ಆಯಿತು.

ಎಲ್ಲ ಸಲೀಸಾಗಿ ಆಯಿತು ಅಂತ ತಿಳೀಬೇಡಿ. ಮೊದಲ ಸಲ ಸ್ಟಾರ್ಟರ್ ಡಬ್ಬಿಯೊಳಗೇ ಬೋರ್ಡು ಇಟ್ಟಿದ್ದೆವು. ಕಾಯಿಲ್ ಬಿಟ್ಟಾಗಲೆಲ್ಲ ಆ ಹೊಡೆತಕ್ಕೆ ಬೋರ್ಡು ಹ್ಯಾಂಗ್ ಆಗ್ತಿತ್ತು. ಮೂರಡಿ ದೂರ ಸರಿಸಿ, ಕಾಯಿಲಿಗೆ ಅಡ್ಡ ಸ್ನಬ್ಬರ್ ಹಾಕಿದ ಮೇಲೆ ನಿಂತಿತು. ಇನ್ನೊಂದು ದೊಡ್ಡ ತಪ್ಪು, ಬೋರ್ಡು ಸತ್ತರೆ ಮೋಟಾರ್ ಓಡ್ತಾನೇ ಇರೋ ಹಾಗೆ ರಿಲೇ ಜೋಡಿಸಿದ್ದೆ. ನಮ್ಮೂರಿನ ಎಲೆಕ್ಟ್ರಿಷಿಯನ್ ನೋಡಿ ಬೈದು ತಿದ್ದಿದರು. ಈಗ ರಿಲೇ ಹಿಡಿದಿದ್ದರೆ ಮಾತ್ರ ಕಾಯಿಲಿಗೆ ದಾರಿ. ಬೋರ್ಡು ಸತ್ತರೆ ರಿಲೇ ಬಿಡುತ್ತೆ, ಮೋಟಾರ್ ನಿಲ್ಲುತ್ತೆ. ಓವರ್‌ಲೋಡ್ ರಿಲೇ, ಫೇಸ್ ಕಾಯೋ ಯಂತ್ರ ಯಾವುದನ್ನೂ ತೆಗೆದಿಲ್ಲ. ನೀವೂ ತೆಗೀಬೇಡಿ. ಬೋರ್ಡಿನ ಕಡೆ ಇರೋದು 5 ವೋಲ್ಟು, ಸ್ಟಾರ್ಟರಿನ ಕಡೆ 415 ವೋಲ್ಟು. ಅದು ತಪ್ಪು ಮಾಡಿ ಕಲಿಯೋ ಜಾಗ ಅಲ್ಲ. ಆ ಕಡೆ ಕೈಹಾಕೋದು ಗೊತ್ತಿದ್ದವರೇ ಆಗಬೇಕು.

ಮಣ್ಣಿನ ತೇವ ನೋಡೋ ಅಗ್ಗದ ಎರಡು ಕಡ್ಡಿಯ ಸೆನ್ಸರ್ ಕೂಡ ಹಾಕಿ ನೋಡಿದೆ. ಅದರಲ್ಲಿ ಯಾವಾಗಲೂ ಕರೆಂಟು ಹರೀತಿದ್ದರೆ ಲೋಹ ಸವೆದು ತಿಂದುಹೋಗುತ್ತೆ. ಆರು ವಾರಕ್ಕೆ ಒಂದು ಕಡ್ಡಿನೇ ಇರಲಿಲ್ಲ, ಹಸಿ ಮಣ್ಣನ್ನ ಒಣ ಅಂತ ಹೇಳ್ತಿತ್ತು. ಲೋಹ ಮಣ್ಣಿಗೆ ತಾಗದ ಕೆಪಾಸಿಟಿವ್ ಜಾತಿಯದ್ದು ಬರುತ್ತೆ, ಅದು ಪರವಾಗಿಲ್ಲ. ಆದರೂ ಹಿಡಿ ಮಣ್ಣು ತಗೊಂಡು ಹಿಸುಕಿ ನೋಡೋದನ್ನ ನಾನು ಬಿಟ್ಟಿಲ್ಲ.

ನೀರಿನ ಡಬ್ಬ, ಬೋರ್ಡು, ರಿಲೇ ಕೂರಿಸಿ ನಾಲ್ಕು ಬೇಸಿಗೆ ಆಯಿತು. ಒಂದು ಸಲ ರಿಲೇಯೊಳಗೆ ಇರುವೆ ಸೇರಿ ಕೆಟ್ಟಿತು. ನಲವತ್ತು ರೂಪಾಯಿಯ ಹೊಸ ರಿಲೇ ಹಾಕಿ ಅರ್ಧ ಗಂಟೆಯಲ್ಲಿ ಸರಿಮಾಡಿದೆ. ಮೋಟಾರ್ ಮತ್ತೆ ಎತ್ತಿಸಿಲ್ಲ.

ಕೊನೆಗೆ ಒಂದು ಹೊಸ ಸುದ್ದಿ. 2025ರ ಅಕ್ಟೋಬರಿನಲ್ಲಿ ಅಮೆರಿಕದ ಕ್ವಾಲ್‌ಕಾಮ್ ಅನ್ನೋ ದೊಡ್ಡ ಚಿಪ್ಪಿನ ಕಂಪನಿ ಆರ್ಡುಯಿನೋವನ್ನ ಕೊಂಡುಕೊಳ್ಳೋದಾಗಿ ಹೇಳಿತು. ಮಗಳು ಫೋನ್ ಮಾಡಿ ಬೇಜಾರು ಮಾಡ್ಕೊಂಡಳು. ಮುಂದೆ ಅವರು ಏನು ಮಾಡ್ತಾರೋ ನೋಡಬೇಕು. ಆದರೆ ಇಪ್ಪತ್ತು ವರ್ಷದಲ್ಲಿ ಹಂಚಿಹೋದ ನಕ್ಷೆಯನ್ನ ಈಗ ಯಾರೂ ವಾಪಸ್ ಗಂಟು ಕಟ್ಟೋಕೆ ಆಗಲ್ಲ. ನಮ್ಮಜ್ಜಿಯ ಅವರೆ ಹತ್ತು ಮನೆಯಲ್ಲಿದ್ದ ಹಂಗೆ ಅದು ಆಗಲೇ ಊರೂರಲ್ಲಿದೆ.

ಹಂಗಾಗಿ ನಾನೂ ಒಂದು ತೀರ್ಮಾನ ಮಾಡಿದ್ದೀನಿ. ನಮ್ಮ ಜೋಡಣೆಯ ನಕ್ಷೆಯನ್ನ ದೊಡ್ಡದಾಗಿ ಬರೆದು ಪಂಪ್‌ಹೌಸಿನ ಗೋಡೆಗೆ ಅಂಟಿಸಿದ್ದೀನಿ. ಯಾರು ಬೇಕಾದರೂ ಬಂದು ಫೋಟೋ ತಗೊಳ್ಳಿ. ಅರವತ್ತು ಸಾಲಿನ ಪ್ರೋಗ್ರಾಮನ್ನೂ ಕೇಳಿದವರಿಗೆ ಕಳಿಸ್ತೀನಿ. ದುಡ್ಡು ಬೇಡ. ಅದರ ತಲೆಯಲ್ಲಿ ಮೂರು ಸಾಲು ಬರೆದಿದ್ದೀನಿ, ಅವು ಮೋಟಾರಿಗಲ್ಲ, ಓದೋರಿಗೆ. ಮೊದಲ ಸಾಲು ಹೆರ್ನಾಂಡೊ ಬರ್ರಾಗಾನ್ ಅವರ ಹೆಸರು. ಎರಡನೇದು ನನ್ನ ಮಗಳ ಹೆಸರು. ಮೂರನೇದು ರಿಲೇ ತಿದ್ದಿಕೊಟ್ಟ ಎಲೆಕ್ಟ್ರಿಷಿಯನ್ ಹೆಸರು. ನಿಮ್ಮ ಬೋರಿಗೆ ತಕ್ಕಂತೆ ನೀವು ಏನಾದರೂ ಬದಲಾಯಿಸಿದರೆ ಕೆಳಗೆ ನಿಮ್ಮ ಹೆಸರು ಸೇರಿಸಿ ಮುಂದಿನವರಿಗೆ ಕೊಡಿ. ಮೇಲಿನ ಮೂರು ಮಾತ್ರ ಅಳಿಸಬೇಡಿ.

ರೆಂಚು ತಗೊಂಡು ಹೋದ ಹುಡುಗ ಇದನ್ನ ಓದಿದರೆ, ಉತ್ತರ ಸಿಕ್ಕಿತು ಅಂದ್ಕೋತೀನಿ. ರೆಂಚು ವಾಪಸ್ ತರೋವಾಗ ನಿನ್ನ ಬೋರು ಎಷ್ಟೊತ್ತು ಓಡುತ್ತೆ, ಎಷ್ಟೊತ್ತು ಬಿಟ್ಟರೆ ನೀರು ಬರುತ್ತೆ ಅಂತ ಒಂದು ಚೀಟಿಯಲ್ಲಿ ಬರ್ಕೊಂಡು ಬಾ. ಕೂತು ಜೋಡಿಸೋಣ.